ಟೊಂಕ ಕಟ್ಟಿ ಕಾಯೋದು ಅಂದರೇನು?

ಪ್ರಶ್ನೆ: "ಟೊಂಕ ಕಟ್ಟಿಕೊಂಡು ಕರ್ತನಿಗಾಗಿ ಕಾಯಿರಿ" ಎಂದು ನಮ್ಮ ಸಭಾಪಾಲಕರು ಹೇಳಿದರು. ಟೊಂಕ ಕಟ್ಟೋದು ಕೆಲಸಕ್ಕೆ ಇಳಿಯುವವರು ಅಲ್ವಾ? ಸುಮ್ನೆ ಕಾಯುವವನಿಗೆ ಅದೇಕೆ? ಕಾಯುತ್ತಾ ನಿದ್ದೆ ಹೋದರೆ ತಪ್ಪಾ?

ಉತ್ತರ: ಒಳ್ಳೇ ಪ್ರಶ್ನೆ. ಅದು ಬೈಬಲಿನ ಲೂಕ 12:35ರ ಮಾತು, ಮತ್ತೆ ಬರುವ ಕರ್ತನಾದ ಯೇಸುವಿಗಾಗಿ ಕಾಯೋದರ ಬಗ್ಗೆ. ನಡು ಕಟ್ಟಿರಲಿ, ದೀಪ ಉರಿಯುತ್ತಿರಲಿ ಅಂತ ಯೇಸು ಹೇಳುತ್ತಾನೆ. ಆಗಿನವರ ಅಂಗಿ ಉದ್ದ, ಕೆಳಗೆ ಇಳಿಬಿದ್ದಿರುತ್ತಿತ್ತು. ಓಡಬೇಕು, ಭಾರ ಹೊರಬೇಕು ಅಂದರೆ ಅಂಚನ್ನು ಎತ್ತಿ ಸೊಂಟದ ಪಟ್ಟಿಗೆ ಸಿಕ್ಕಿಸಿಕೊಳ್ಳಬೇಕು, ಗದ್ದೆಗೆ ಇಳಿಯುವವರು ಪಂಚೆ ಎತ್ತಿ ಕಟ್ಟುತ್ತಾರಲ್ಲ, ಹಾಗೆ. ಐಗುಪ್ತ, ಅಂದರೆ ಈಜಿಪ್ಟ್, ಬಿಡುವ ರಾತ್ರಿ ಇಸ್ರಾಯೇಲ್ಯರು ಪಸ್ಕದ (ಆ ಬಿಡುಗಡೆಯ ಹಬ್ಬದ) ಊಟವನ್ನೂ ನಡು ಕಟ್ಟಿ, ಕೆರ ಮೆಟ್ಟಿ, ಕೋಲು ಹಿಡಿದೇ ಉಣ್ಣಬೇಕಿತ್ತು. ಅಲ್ಲಿ ಅವಸರವಿತ್ತು.

ಯೇಸುವಿನ ಕಥೆಯಲ್ಲಿ ಅವಸರವೇ ಇಲ್ಲ, ತಡ ಇದೆ. ಯಜಮಾನ ಮದುವೆ ಊಟಕ್ಕೆ ಹೋಗಿದ್ದಾನೆ, ಆಳುಗಳು ಮನೆಯಲ್ಲಿ ಕಾಯುತ್ತಿದ್ದಾರೆ. ಎರಡನೇ ಜಾವಕ್ಕೆ ಬಂದಾನು, ಮೂರನೆಯದಕ್ಕೂ ಬಂದಾನು. ಯೆಹೂದ್ಯರ ಹಳೇ ಲೆಕ್ಕದಲ್ಲಿ ಇಡೀ ರಾತ್ರಿಗೆ ಮೂರೇ ಜಾವ, ಅಂದಮೇಲೆ ಬೆಳಗಾಗುವ ಹೊತ್ತೇ ಆಯಿತು. ಅಷ್ಟು ಹೊತ್ತು ಮಣ್ಣಿನ ಸಣ್ಣ ದೀಪ ತಾನಾಗಿ ಉರಿಯುತ್ತದಾ? ಯಾರಾದರೂ ಎದ್ದು ಎಣ್ಣೆ ಹೊಯ್ಯಬೇಕು, ಕರಿಗಟ್ಟಿದ ಬತ್ತಿಯ ಕುಡಿ ಚಿವುಟಿ ಮುಂದಕ್ಕೆ ತಳ್ಳಬೇಕು. ಕಾಯೋದು ಅಂದರೆ ಇದೇ ಕೆಲಸ. ಬಾಗಿಲ ಸಂದಿಯಲ್ಲಿ ಇಣುಕುತ್ತಾ ಕೂರೋದಲ್ಲ, ಕೊನೇ ದಿನದ ತಾರೀಖು ಹುಡುಕೋದಂತೂ ಅಲ್ಲವೇ ಅಲ್ಲ, ಅದಕ್ಕೇ ಜಾಸ್ತಿ ಗಿರಾಕಿಗಳಿದ್ದಾರೆ ಅನ್ನೋದು ಬೇರೆ ಮಾತು. ಥೆಸಲೋನಿಕ ಪಟ್ಟಣದ ಸಭೆಯಲ್ಲಿ ಕೆಲವರು ದುಡಿಯದೆ ಅಲ್ಲಿ ಇಲ್ಲಿ ತಲೆ ಹಾಕುತ್ತಾ ತಿರುಗುತ್ತಿದ್ದಾಗ, ದುಡಿಯಲು ಮನಸ್ಸಿಲ್ಲದವನು ಉಣ್ಣಲೂಬಾರದು ಅಂತ ಅಪೊಸ್ತಲ ಪೌಲ ಅವರಿಗೆ ನೇರವಾಗಿ ಬರೆದ.

ಈ ಕಥೆಯಲ್ಲಿ ನನಗೆ ತುಂಬಾ ಹಿಡಿಸಿದ್ದು 37ನೇ ವಚನ. ತಡವಾಗಿ ಬಂದ ಯಜಮಾನ ತಾನೇ ನಡು ಕಟ್ಟಿ, ಆಳುಗಳನ್ನು ಊಟಕ್ಕೆ ಕೂರಿಸಿ ಬಡಿಸುತ್ತಾನೆ! ಯಾವ ಮನೆಯಲ್ಲಿ ಹೀಗೆ ನಡೆಯುತ್ತೆ ಹೇಳಿ? ಬರುವವನು ಇಂಥವನು ಅಂತ ಗೊತ್ತಿದ್ದರೆ ಕಾಯೋದರಲ್ಲಿ ದಿಗಿಲು ಇರಲ್ಲ.

ಇನ್ನು ನಿದ್ದೆ. ಈ ಕಥೆಯ ಆಳುಗಳು ಎಚ್ಚರವಾಗಿದ್ದರು, ನಿಜ. ಆದರೆ ಮತ್ತಾಯ 25 ತೆಗೆದು ನೋಡಿ, ದೀಪ ಹಿಡಿದು ಮದುಮಗನನ್ನು ಎದುರುಗೊಳ್ಳಲು ಹೋದ ಹತ್ತು ಕನ್ಯೆಯರ ಕಥೆ ಅಲ್ಲಿದೆ. ಮದುಮಗ ತಡ ಮಾಡಿದಾಗ ಹತ್ತು ಕನ್ಯೆಯರೂ ತೂಕಡಿಸಿ ಮಲಗಿದರು, ಬುದ್ಧಿವಂತೆಯರೂ ಸೇರಿ. ಅದಕ್ಕೆ ಯಾರೂ ಬೈಸಿಕೊಳ್ಳಲಿಲ್ಲ. ಐವರ ಹತ್ತಿರ ದೀಪಕ್ಕೆ ಬೇಕಾದ ಎಣ್ಣೆ ಇರಲಿಲ್ಲ, ತಪ್ಪಾಗಿದ್ದು ಅಷ್ಟೇ. ನೀವು ಆರಾಮಾಗಿ ಮಲಗಿ.