ಚಿತ್ರದ ಪಾಸ್‌ವರ್ಡ್‌ನಿಂದ ಲಾಗಿನ್ ಸುರಕ್ಷತೆ ಹೆಚ್ಚುತ್ತದೆಯೇ?

ಹೆಚ್ಚುತ್ತದೆ, ಆದರೆ ನಾವು ಎಲ್ಲಿ ಒತ್ತುತ್ತೇವೆ ಎಂಬುದು ಬೇರೆಯವರ ಊಹೆಗೆ ನಿಲುಕದಿದ್ದರೆ ಮಾತ್ರ. ಈ ವಿಧಾನದಲ್ಲಿ ಅಕ್ಷರಗಳ ಬದಲು, ಒಂದು ಚಿತ್ರದ ಮೇಲೆ ಮೊದಲೇ ಆರಿಸಿಕೊಂಡ ಕೆಲವು ಬಿಂದುಗಳನ್ನು ಅದೇ ಕ್ರಮದಲ್ಲಿ ಒತ್ತಬೇಕು. ಅರ್ಥವಿಲ್ಲದ ಅಕ್ಷರಗಳ ಸಾಲಿಗಿಂತ ಕಣ್ಣಾರೆ ಕಂಡ ದೃಶ್ಯ ಮನಸ್ಸಿನಲ್ಲಿ ಚೆನ್ನಾಗಿ ಉಳಿಯುವುದರಿಂದ, ಮರೆತೀತೆಂಬ ಭಯಕ್ಕೆ ಮಗುವಿನ ಹೆಸರನ್ನೋ ಹುಟ್ಟಿದ ವರ್ಷವನ್ನೋ ಪಾಸ್‌ವರ್ಡ್ ಮಾಡಿಕೊಳ್ಳಬೇಕಾಗುವುದಿಲ್ಲ. ನಿಘಂಟಿನ ಪದಗಳನ್ನು ಒಂದೊಂದಾಗಿ ಹಾಕಿ ನೋಡುವ ತಂತ್ರಾಂಶವೂ ಇಲ್ಲಿ ನೇರವಾಗಿ ಕೆಲಸಕ್ಕೆ ಬಾರದು.

ದೌರ್ಬಲ್ಯವಿರುವುದು ನಮ್ಮ ಕಣ್ಣಿನ ಅಭ್ಯಾಸದಲ್ಲಿ. ಬೇಕಲ ಕೋಟೆಯ ಚಿತ್ರವನ್ನು ಕೊಟ್ಟರೆ ಕಾಸರಗೋಡಿನ ನಮ್ಮಲ್ಲಿ ಹೆಚ್ಚಿನವರು ಕಡಲಿನ ಕಡೆಯ ಬುರುಜಿನ ತುದಿಯನ್ನೇ ಒತ್ತಿಯಾರು, ಬರಿಯ ಆಕಾಶವನ್ನು ಮುಟ್ಟುವವರು ವಿರಳ. ಹೀಗಾಗಿ ಲೆಕ್ಕಕ್ಕೆ ಅಪಾರ ಸಾಧ್ಯತೆಗಳಿದ್ದರೂ ಕಳ್ಳನು ಪರೀಕ್ಷಿಸಬೇಕಾದವು ಕೆಲವೇ ಆಗಿಬಿಡುತ್ತವೆ. ಚುಕ್ಕಿಗಳನ್ನು ಬೆರಳಿನಿಂದ ಜೋಡಿಸಿ ತೆರೆಯುವ ಆಂಡ್ರಾಯ್ಡ್ ಫೋನಿನ ಪ್ಯಾಟರ್ನ್ ಲಾಕ್‌ನಲ್ಲೂ ಹೀಗೆಯೇ: ಅದರ ಒಂಬತ್ತು ಚುಕ್ಕಿಗಳಲ್ಲಿ 3,89,112 ವಿನ್ಯಾಸಗಳು ಸಾಧ್ಯ, ಆದರೂ ಹೆಚ್ಚಿನವರ ಬೆರಳು ಮೂಲೆಯ ಚುಕ್ಕಿಯಿಂದಲೇ ಹೊರಡುತ್ತದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರಿಗೆ ಇದು ಕಾಣಿಸುವುದೂ ಸುಲಭ.

ಆದ್ದರಿಂದ ಸಣ್ಣ ವಿವರಗಳು ತುಂಬಿರುವ ಚಿತ್ರವನ್ನು, ಅದರಲ್ಲಿಯೂ ಎದ್ದುಕಾಣದ ಬಿಂದುಗಳನ್ನು ಆರಿಸಿಕೊಳ್ಳಿ. ಬ್ಯಾಂಕ್ ಖಾತೆಯಂಥವುಗಳಿಗೆ ಇದರ ಜೊತೆಗೆ ಒಟಿಪಿಯೂ ಇರಲೇಬೇಕು.