ಮಿಡತೆ ತಿಂದ ವರುಷಗಳು

ಪ್ರಶ್ನೆ: ಹೊಸ ವರ್ಷದ ಆರಾಧನೆಯಲ್ಲಿ ನನಗೆ ಬಂದ ವಾಗ್ದಾನದ ಕಾರ್ಡಿನಲ್ಲಿ (ಆ ವರ್ಷಕ್ಕೆಂದು ಒಬ್ಬೊಬ್ಬರಿಗೂ ಕೊಡುವ ಬೈಬಲ್ ವಚನದ ಚೀಟಿ) ಯೋವೇಲ 2:25 ಇತ್ತು. ಮಿಡತೆಗಳು ತಿಂದ ವರುಷಗಳ ನಷ್ಟವನ್ನು ದೇವರು ತುಂಬಿಕೊಡುವನೆಂಬ ವಚನವದು. ನಮ್ಮ ಅಡಿಕೆ ತೋಟ ಹಳದಿ ಎಲೆ ರೋಗಕ್ಕೆ ಹೋಯಿತು. ಮರುವರ್ಷ ಯಜಮಾನರೂ ತೀರಿಕೊಂಡರು. ಈಗ ಈ ವರ್ಷವೂ ಮುಗಿಯುತ್ತ ಬಂದಿದೆ, ಸಾಲ ಹಾಗೆಯೇ ಉಳಿದಿದೆ. ಎಲ್ಲವನ್ನೂ ಕಳೆದುಕೊಂಡ ಯೋಬನಿಗೆ ಕೊನೆಗೆ ಎಲ್ಲವೂ ಎರಡರಷ್ಟು ಸಿಕ್ಕಿತು, ನಿಮ್ಮ ನಂಬಿಕೆ ಸಾಲದು ಎಂದು ಸಭೆಯಲ್ಲಿ ಕೆಲವರು ಹೇಳುತ್ತಾರೆ. ಅದು ನಿಜವೇ?
– ಓದುಗರೊಬ್ಬರು, ಮಲೆನಾಡು

ಉತ್ತರ: ಸಹೋದರಿಯವರೇ, ಮೊದಲು ಯೋಬನ ವಿಷಯ. ಅವನ ಕುರಿಗಳು 7,000ದಿಂದ 14,000 ಆದವು, ನಿಜ. ಆದರೆ ಮಕ್ಕಳು ಮೊದಲಿನಂತೆ ಹತ್ತೇ ಮಂದಿ, ಮತ್ತು ಸತ್ತ ಹತ್ತು ಮಂದಿ ಹಿಂದಿರುಗಲಿಲ್ಲ. ಅವನ ಕಷ್ಟಕ್ಕೆ ಅವನಲ್ಲಿಯೇ ದೋಷ ಹುಡುಕಿದ ಗೆಳೆಯರ ಮೇಲೆ ದೇವರು ಕೋಪಗೊಂಡನೆಂದು ಯೋಬನ ಪುಸ್ತಕದ ಅದೇ ಕೊನೆಯ ಅಧ್ಯಾಯದಲ್ಲಿದೆ. ನಿಮಗೆ ಹಾಗೆ ಹೇಳಿದವರು ಆ ಭಾಗವನ್ನೂ ಓದಿಕೊಳ್ಳಲಿ.

ಪ್ರವಾದಿ ಯೋವೇಲನು ಮಾತಾಡಿದ್ದು ದ್ರಾಕ್ಷಿ, ಅಂಜೂರಗಳು ಸಿಪ್ಪೆ ಸುಲಿದು ಬೆಳ್ಳಗಾಗಿ ನಿಂತಿದ್ದ ನಾಡಿನ ಇಡೀ ಜನಕ್ಕೆ. ಅಲ್ಲಿ ‘ತುಂಬಿಕೊಡುವೆನು’ ಎಂಬುದಕ್ಕಿರುವ ಹೀಬ್ರೂ ಕ್ರಿಯಾಪದವನ್ನೇ ವಿಮೋಚನಕಾಂಡದ 22ನೆಯ ಅಧ್ಯಾಯವು ಕದ್ದ ದನಕ್ಕೂ ಮೇಯಿಸಿ ಹಾಳುಮಾಡಿದ ಹೊಲಕ್ಕೂ ಈಡು ಕೊಡುವುದಕ್ಕೆ ಬಳಸುತ್ತದೆ. ಹೋದ ವರುಷಗಳು ಮರಳುವುದಿಲ್ಲ, ಅವುಗಳ ನಷ್ಟಕ್ಕೆ ದೇವರೇ ಹೊಣೆ ಹೊರುತ್ತಾನೆ. ಡಿಸೆಂಬರ್ 31ರ ಗಡುವು ಮಾತ್ರ ನಮ್ಮ ಕಾರ್ಡುಗಳು ಹಾಕಿದ್ದು.

ನಿಮ್ಮ ಸ್ಥಿತಿಗೆ ಇನ್ನೂ ಹತ್ತಿರವಾದದ್ದು ಯೆರೆಮೀಯ 32 ಎಂದು ನನಗೆ ತೋರುತ್ತದೆ. ಬಾಬೆಲಿನ (ಬ್ಯಾಬಿಲೋನಿನ) ಸೈನ್ಯ ಯೆರೂಸಲೇಮನ್ನು ಮುತ್ತಿತ್ತು, ಪ್ರವಾದಿ ಯೆರೆಮೀಯನು ಅರಮನೆಯ ಕಾರಾಗೃಹದ ಅಂಗಳದಲ್ಲಿ ಸೆರೆಯಲ್ಲಿದ್ದನು. ಅಂಥ ಹೊತ್ತಿನಲ್ಲಿ ಅವನು ತನ್ನ ಊರಾದ ಅನಾತೋತಿನಲ್ಲಿದ್ದ, ಸಂಬಂಧಿ ಹನಮೇಲನ ಹೊಲವನ್ನು 17 ಶೆಕೆಲ್ ಬೆಳ್ಳಿ ತೂಗಿಕೊಟ್ಟು ಕೊಂಡು, ಸಾಕ್ಷಿಗಳಿಂದ ರುಜು ಹಾಕಿಸಿ, ಬಹುಕಾಲ ಉಳಿಯಲೆಂದು ಕ್ರಯಪತ್ರವನ್ನು ಮಣ್ಣಿನ ಪಾತ್ರೆಯಲ್ಲಿ ಇರಿಸಲು ತನ್ನ ಲಿಪಿಕಾರ ಬಾರೂಕನಿಗೆ ಹೇಳಿದನು. ಈ ದೇಶದಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷಿತೋಟಗಳ ಕ್ರಯ ನಡೆಯುವುದೆಂಬುದು ಅವನಿಗೆ ಸಿಕ್ಕಿದ ವಾಗ್ದಾನ. ಕೊಂಡ ಮೇಲೆ ಅವನಿಗೂ ತಳಮಳವಾಯಿತು. ಪಟ್ಟಣವೇ ಶತ್ರುವಿನ ಕೈಗೆ ಹೋಗುತ್ತಿರುವಾಗ ಹೊಲ ಕೊಳ್ಳೆನ್ನುವೆಯಲ್ಲಾ ಎಂದು ಪ್ರಾರ್ಥನೆಯಲ್ಲೇ ಕೇಳಿಬಿಟ್ಟನು. ನಂಬಿಕೆ ಸಾಲದೆಂದು ದೇವರು ಅವನನ್ನು ಗದರಿಸಲಿಲ್ಲ.

ಯೆರೆಮೀಯನು ಆ ಹೊಲವನ್ನು ಉತ್ತನೆಂದು ಎಲ್ಲಿಯೂ ಬರೆದಿಲ್ಲ. ಪಟ್ಟಣ ಬಿದ್ದ ಮೇಲೆ ಜನರು ಅವನನ್ನು ಐಗುಪ್ತಕ್ಕೆ ಕರೆದೊಯ್ದರು. ಆದರೆ ಕ್ರಿ.ಪೂ. 538ರಲ್ಲಿ ಜನರು ಊರಿಗೆ ಮರಳಬಹುದೆಂಬ ಪಾರಸಿಯ ರಾಜ ಕೋರೆಷನ ಅಪ್ಪಣೆಯ ನಂತರ ಬಾಬೆಲಿನ ಸೆರೆಯಿಂದ ಮರಳಿದವರ ಪಟ್ಟಿಯನ್ನು ಎಜ್ರನ 2ನೆಯ ಅಧ್ಯಾಯದಲ್ಲಿ ನೋಡಿ: ಆ ಹೊಲವಿದ್ದ ಅನಾತೋತಿನವರು 128 ಮಂದಿ. ಮರಳಿದವರು ದೇವಾಲಯದ ಅಸ್ತಿವಾರ ಹಾಕಿದಾಗ, ಹಳೆಯದನ್ನು ಕಂಡಿದ್ದ ಮುದುಕರು ಗಟ್ಟಿಯಾಗಿ ಅತ್ತರು, ಉಳಿದವರು ಹರ್ಷದಿಂದ ಕೂಗಿದರು, ಎರಡೂ ಧ್ವನಿಗಳನ್ನು ಬೇರ್ಪಡಿಸಲಾಗಲಿಲ್ಲ. ನಾಳೆ ತೋಟ ಚಿಗುರಿದರೂ ಯಜಮಾನರಿಗಾಗಿ ನಿಮಗೆ ಅಳು ಬರಬಹುದು. ಅದನ್ನು ಅಪನಂಬಿಕೆಯೆಂದು ಯಾರೂ ಎಣಿಸಬಾರದು.

ಸಾಲದ ಲೆಕ್ಕವನ್ನು ಒಬ್ಬರೇ ಹೊತ್ತುಕೊಳ್ಳಬೇಡಿ. ನಿಮ್ಮ ಸಭಾಪಾಲಕರ ಮುಂದೆಯೂ ನಂಬಿಗಸ್ತರಾದ ಇಬ್ಬರು ಹಿರಿಯರ ಮುಂದೆಯೂ ಕಾಗದಪತ್ರ ಬಿಚ್ಚಿಡಿ. ಯೆರೆಮೀಯನಿಗೂ ರುಜು ಹಾಕುವ ಸಾಕ್ಷಿಗಳು ಬೇಕಾಗಿದ್ದರು, ಪತ್ರ ಕಾಯಲು ಬಾರೂಕ ಬೇಕಾಗಿದ್ದನು.