ಮರೆತ ಪಾಸ್‌ವರ್ಡ್‌ಗೆ ಹತ್ತು ಕಂಪ್ಯೂಟರ್‌ಗಳ ಬಲ

ಪ್ರಶ್ನೆ: ಬೆಟಗೇರಿಯ ನಮ್ಮ ನೇಕಾರಿಕೆಯ ಲೆಕ್ಕಪತ್ರಗಳಿರುವ ಹಾರ್ಡ್‌ಡಿಸ್ಕನ್ನು ವೆರಾಕ್ರಿಪ್ಟ್ ಎಂಬ ಗೂಢಲಿಪಿ ತಂತ್ರಾಂಶದಿಂದ ಭದ್ರಪಡಿಸಿ ಪಾಸ್‌ವರ್ಡ್ ಮರೆತಿದ್ದೇನೆ. ಹತ್ತು ಕಂಪ್ಯೂಟರ್‌ಗಳನ್ನು ಜೋಡಿಸಿದರೆ ಸಿಕ್ಕೀತೆ?
– ಓದುಗರೊಬ್ಬರು, ಗದಗ

ಉತ್ತರ: ಪಾಸ್‌ವರ್ಡಿನ ಅರ್ಧವಾದರೂ ನೆನಪಿದ್ದರೆ ಸಿಗಬಹುದು. ಪ್ರತಿಯೊಂದು ಊಹೆಯನ್ನೂ ಲಕ್ಷಗಟ್ಟಲೆ ಬಾರಿ ಹ್ಯಾಶ್ ಮಾಡಿಯೇ (ಗಣಿತದ ಸೂತ್ರದಿಂದ ಗುರುತು ಸಿಗದಂತೆ ಕಲಸಿಯೇ) ಪರೀಕ್ಷಿಸಬೇಕಾಗುವಂತೆ ಆ ತಂತ್ರಾಂಶವನ್ನು ರೂಪಿಸಿರುವುದರಿಂದ ಹುಡುಕಾಟದ ವೇಗ ಬಹಳ ತಗ್ಗುತ್ತದೆ. ಇಂಗ್ಲಿಷಿನ ಎಂಟು ಸಣ್ಣ ಅಕ್ಷರಗಳಿಂದಲೇ ಸುಮಾರು 20,882 ಕೋಟಿ ಜೋಡಣೆಗಳಾಗುತ್ತವೆ. ಒಂದೊಂದು ಕಂಪ್ಯೂಟರ್ ಸೆಕೆಂಡಿಗೆ 1,000 ಊಹೆಗಳನ್ನು ಪರೀಕ್ಷಿಸುತ್ತದೆ ಎಂದಿಟ್ಟುಕೊಂಡರೂ ಹತ್ತೂ ಸೇರಿ ಎಲ್ಲವನ್ನೂ ಮುಗಿಸಲು ಎಂಟು ತಿಂಗಳು ಬೇಕು, ಇನ್ನೊಂದು ಅಕ್ಷರ ಸೇರಿದರೆ ಅದರ 26 ಪಟ್ಟು. ಆದ್ದರಿಂದ ನೀವು ರೂಢಿಯಲ್ಲಿ ಬಳಸುತ್ತಿದ್ದ ಹೆಸರು, ಇಸವಿ, ಚಿಹ್ನೆಗಳನ್ನು ಮೊದಲು ಮನೆಯವರೊಡನೆ ಕುಳಿತು ಬರೆದಿಡಿ. ಅವುಗಳಿಂದ ಹುಟ್ಟುವ ಪಟ್ಟಿಯನ್ನು ಪಾಲು ಮಾಡಿ ಹತ್ತೂ ಕಂಪ್ಯೂಟರ್‌ಗಳಿಗೆ ಹಂಚಿ, ಪಾಸ್‌ವರ್ಡ್ ಹುಡುಕುವ ಹ್ಯಾಶ್‌ಕ್ಯಾಟ್ ಎಂಬ ತಂತ್ರಾಂಶದಿಂದ ಪರೀಕ್ಷಿಸಬಹುದು. ಕೆಲಸವೆಲ್ಲ ಡಿಸ್ಕಿನ ನಕಲಿನ ಮೇಲೆಯೇ ನಡೆಯಲಿ, ಮೂಲವನ್ನು ಯಾರಿಗೂ ಫಾರ್ಮ್ಯಾಟ್ ಮಾಡಲು ಬಿಡಬೇಡಿ.